ಸೆದುಲಾ ಎಂಬ ಚೀಟಿ

ಸ್ಪ್ಯಾನಿಷ್ ಭಾಷೆಯ ‘ಸೆದುಲಾ’ ಹುಟ್ಟಿದ್ದು ಬಹಳ ಸಣ್ಣ ಅರ್ಥದಲ್ಲಿ. ಲ್ಯಾಟಿನ್ನಿನ ‘ಸ್ಕೆಡ’ ಎಂದರೆ ಪಪೈರಸ್ಸಿನ ಪಟ್ಟಿ. ಅದರ ಕಿರಿಯ ರೂಪ ‘ಸ್ಕೆಡುಲ’, ಅಂದರೆ ಚೀಟಿ. ಆ ಚೀಟಿ ಸ್ಪೇನಿನಲ್ಲಿ ಸೆದುಲಾ ಆಯಿತು. ಫ್ರೆಂಚಿನ ದಾರಿಯಾಗಿ ಇಂಗ್ಲಿಷಿಗೆ ಬಂದು ಷೆಡ್ಯೂಲ್ ಆಯಿತು. ನಮ್ಮ ಕ್ರಯಪತ್ರಗಳ ಕೊನೆಯಲ್ಲಿ ಬರುವ ‘ಷೆಡ್ಯೂಲ್ ಸ್ವತ್ತು’ ಇದೇ ವಂಶದ್ದು.

ದೊರೆಯ ಕೈಗೆ ಸಿಕ್ಕ ಚೀಟಿ ಆಜ್ಞೆಯಾಯಿತು. 1789ರ ಒಂದು ರಾಜ ಸೆದುಲಾ ಕ್ಯೂಬಾ, ಪೋರ್ಟೊ ರಿಕೊಗಳಿಗೆ ಗುಲಾಮರನ್ನು ತಂದು ಮಾರುವ ವ್ಯಾಪಾರದ ಬಾಗಿಲು ತೆರೆಯಿತು. 1815ರ ಇನ್ನೊಂದು, ಪೋರ್ಟೊ ರಿಕೊದಲ್ಲಿ ನೆಲೆಸಲು ಬಂದವರಿಗೆ ಜಮೀನು ಕೊಟ್ಟಿತು. ಅವರು ಕರೆತಂದ ಒಬ್ಬೊಬ್ಬ ಗುಲಾಮನ ಲೆಕ್ಕಕ್ಕೂ ಮೇಲಷ್ಟು ಜಮೀನು. ಅದರ ಹೆಸರು ‘ಕೃಪೆಯ ಸೆದುಲಾ’. ಕೃಪೆ ಯಾರ ಮೇಲೆ ಎಂಬುದನ್ನು ಆ ಹೆಸರು ಹೇಳುವುದಿಲ್ಲ.

1870ರ ಜುಲೈ 4ರಂದು ಸ್ಪೇನ್ ಮೊರೆಟ್ ಕಾಯ್ದೆಯನ್ನು ತಂದಿತು. 1868ರ ಸೆಪ್ಟೆಂಬರ್ 17ರ ನಂತರ ಗುಲಾಮ ತಾಯಂದಿರಿಗೆ ಹುಟ್ಟಿದ ಮಕ್ಕಳು ಸ್ವತಂತ್ರರು, 60 ತುಂಬಿದ ಮುದುಕರೂ ಸ್ವತಂತ್ರರು ಎಂದಿತು. ಉಳಿದವರು ಯಾರು? ಅದನ್ನು ಬರೆದಿಡಬೇಕಾಯಿತು. ಪೋರ್ಟೊ ರಿಕೊದ 1872ರ ಕೇಂದ್ರ ಗುಲಾಮ ನೋಂದಣಿ ಹೀಗೆ ಸಿದ್ಧವಾಯಿತು: ತಲೆಗೊಂದು ಸೆದುಲಾ. ಹೆಸರು, ವಯಸ್ಸು, ಹುಟ್ಟಿದ ಊರು, ತಂದೆ ತಾಯಿ, ಕಸುಬು, ಒಡೆಯ. ಆಮೇಲೆ ಎತ್ತರ, ಮೈಬಣ್ಣ, ಕೂದಲು, ಹಣೆ, ಕಣ್ಣು, ಮೂಗು, ಬಾಯಿ. ಕ್ರಯಪತ್ರದಲ್ಲಿ ಹೊಲಕ್ಕೆ ಚಕ್ಕುಬಂದಿ ಬರೆದ ಹಾಗೆ ಮನುಷ್ಯನ ಮುಖಕ್ಕೆ ಎಲ್ಲೆ ಗುರುತಿಸಿದ್ದಾರೆ. ಕಸುಬಿನ ಜಾಗದಲ್ಲಿ ಹೊಲದಾಳು, ಅಡುಗೆಯವಳು, ಬಟ್ಟೆ ಒಗೆಯುವವಳು. ಕೆಲವು ಹಾಳೆಗಳಲ್ಲಿ ತಾಯಿಯ ಹೆಸರಷ್ಟೇ ಇದೆ. ಹುಟ್ಟಿದ ಊರಿನ ಮುಂದೆ ಕೆಲವೆಡೆ ಬರೀ ‘ಆಫ್ರಿಕಾ’: ಒಂದು ಇಡೀ ಖಂಡ ಒಬ್ಬರ ಊರಾಗಿ ನಿಂತಿದೆ.

ಆದರೆ ಅದೇ ಮೊರೆಟ್ ಕಾಯ್ದೆಯ 19ನೇ ಕಲಮಿನಲ್ಲಿ ಒಂದು ಮಾತಿತ್ತು. ಪೋರ್ಟೊ ರಿಕೊದ 1869ರ ಗಣತಿಯಲ್ಲಿ, ಕ್ಯೂಬಾದಲ್ಲಿ 1870ರ ಕೊನೆಗೆ ಮುಗಿಯಬೇಕಿದ್ದ ಗಣತಿಯಲ್ಲಿ ಯಾರ ಹೆಸರಿಲ್ಲವೋ ಅವರನ್ನು ಸ್ವತಂತ್ರರೆಂದೇ ಎಣಿಸಬೇಕು! ಒಡೆಯ ತೆರಿಗೆ ಉಳಿಸಲು ಮುಚ್ಚಿಟ್ಟಿರಲಿ, ಮೈಮರೆತಿರಲಿ, ಹೆಸರು ಬಿಟ್ಟುಹೋದರೆ ಆಳು ಕೈತಪ್ಪುತ್ತಿದ್ದ. ಕ್ಯೂಬಾದಲ್ಲಿ 1886ರಲ್ಲಿ ಗುಲಾಮಗಿರಿ ಮುಗಿಯುವವರೆಗೂ ಜನ ಇದನ್ನೇ ಹಿಡಿದು ಅಧಿಕಾರಿಗಳ ಮುಂದೆ ನಿಂತರು, ಗೆದ್ದವರೂ ಇದ್ದಾರೆ. ಅಕ್ಷರ ಬಾರದವರು, ತಮ್ಮನ್ನು ಕಟ್ಟಿಹಾಕಲು ಬರೆದ ಕಡತವನ್ನೇ ತಿರುವಿಹಾಕಿಸಿ, ನನ್ನ ಹೆಸರು ತೋರಿಸಿ ಎಂದು ಕೇಳಿದ ಧೈರ್ಯ ದೊಡ್ಡದು.

ಪೋರ್ಟೊ ರಿಕೊದಲ್ಲಿ 1873ರ ಮಾರ್ಚ್ 22ರಂದು ಗುಲಾಮಗಿರಿ ರದ್ದಾಯಿತು. ಬಿಡುಗಡೆಯಾದವರು ಸುಮಾರು 29,000. ಅವರು ಇನ್ನೂ 3 ವರ್ಷ ಕರಾರಿನ ಮೇಲೆ ದುಡಿಯಲೇಬೇಕಿತ್ತು. ಪರಿಹಾರ ಒಡೆಯರಿಗೆ: ಮೂರೂವರೆ ಕೋಟಿ ಪೆಸೆಟಾ.

1898ರಲ್ಲಿ ದ್ವೀಪ ಅಮೆರಿಕದ ಪಾಲಾದ ಮೇಲೆ ಈ ಕಡತಗಳೂ ಅಲ್ಲಿನ ರಾಷ್ಟ್ರೀಯ ಪತ್ರಾಗಾರ ಸೇರಿದವು. ಮೈಕ್ರೋಫಿಲ್ಮಿಗೆ ಅವರು ಕೊಟ್ಟ ಹೆಸರಿನಲ್ಲೂ ‘ಷೆಡ್ಯೂಲ್’ ಇದೆ. ಅಗಲಿದ ದಾಯಾದಿ ಪದಗಳು ಒಂದೇ ರಟ್ಟಿನ ಮೇಲೆ ಕೂಡಿವೆ. ಮುತ್ತಜ್ಜಿಯ ತಾಯಿಯನ್ನು ಹುಡುಕಿಕೊಂಡು ಬರುವ ಮನೆಯವರಿಗೆ ಈ ಹಾಳೆಗಳೇ ಗತಿ. ಫೋಟೋ ಇಲ್ಲದ ಕಡೆ ಗುಮಾಸ್ತ ಬರೆದ ಹಣೆ, ಮೂಗುಗಳಲ್ಲೇ ಮುಖವನ್ನು ಊಹಿಸಿಕೊಳ್ಳಬೇಕು.

ಇಂದು ಕೊಲಂಬಿಯಾ, ವೆನೆಜುವೆಲಾ, ಡೊಮಿನಿಕನ್ ಗಣರಾಜ್ಯಗಳಲ್ಲಿ ಸೆದುಲಾ ಎಂದರೆ ಪ್ರಜೆಯ ಗುರುತಿನ ಚೀಟಿ. ಮತ ಹಾಕಲು, ಬ್ಯಾಂಕ್ ಖಾತೆ ತೆರೆಯಲು ಅದು ಬೇಕು. 2008ರಲ್ಲಿ ಡೊಮಿನಿಕನ್ ಗಣರಾಜ್ಯದಲ್ಲೇ ಹುಟ್ಟಿ ಬೆಳೆದ ಯುವತಿಯೊಬ್ಬಳು ಸೆದುಲಾ ಕೇಳಲು ಹೋದಾಗ, ಹೆತ್ತವರು ಹೈಟಿಯವರೆಂದು ಅವಳ ಜನನ ಪತ್ರವನ್ನೇ ಇಟ್ಟುಕೊಂಡರು. 2013ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅವಳ ವಿರುದ್ಧ ತೀರ್ಪಿತ್ತಿತು; ಪರವಾನಗಿಯಿಲ್ಲದ ವಲಸಿಗರ ಮಕ್ಕಳಾಗಿ 1929ರಿಂದೀಚೆಗೆ ಹುಟ್ಟಿದವರ ಪೌರತ್ವಕ್ಕೂ ಕುತ್ತು ಬಂತು. ಮರುವರ್ಷದ ಕಾಯ್ದೆ ಅವರನ್ನು ಎರಡು ಗುಂಪಾಗಿ ಒಡೆಯಿತು. ಹಿಂದೆ ಎಲ್ಲಾದರೂ ಹೆಸರು ದಾಖಲಾಗಿದ್ದವರಿಗೆ ದಾರಿ ತೆರೆಯಿತು. ಎಂದೂ ದಾಖಲಾಗದವರು ತಾವು ಹುಟ್ಟಿದ ನೆಲದಲ್ಲೇ ವಿದೇಶಿಯರೆಂದು ಹೆಸರು ಬರೆಸಬೇಕಾಯಿತು.