ತಟ್ಟೆಗಳ ಕಾಳಗ ಮತ್ತು ಕೊಳ್ಳುವವರ ಪಾಡು

ಹೊಸ ಯಂತ್ರವೊಂದು ಅಂಗಡಿಗೆ ಬಂದರೆ ಈಗಲೇ ಕೊಳ್ಳಬೇಕೇ, ಸ್ವಲ್ಪ ಕಾಯಬೇಕೇ? ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ರಕ್ಷಕ-ಶಿಕ್ಷಕ ಸಭೆಗಳಲ್ಲಿ ಪ್ರತಿ ಖರೀದಿಯ ಹೊತ್ತಿಗೂ ಏಳುವ ಪ್ರಶ್ನೆಯಿದು. ಈಗ ತೆಗೆದುಕೊಳ್ಳದಿದ್ದರೆ ಹಿಂದೆ ಬೀಳುತ್ತೇವೆ ಎಂದು ಒಬ್ಬರು, ಆರು ತಿಂಗಳು ತಾಳಿದರೆ ಬೆಲೆ ಇಳಿಯುತ್ತದೆ ಎಂದು ಇನ್ನೊಬ್ಬರು. ಇಬ್ಬರ ಮಾತೂ ಸರಿಯೇ! ಈ ಪ್ರಶ್ನೆಯನ್ನು ಬಿಡಿಸಲು ನಮಗೆ ತೋಚಿದ ಒಳ್ಳೆಯ ಪಾಠವೆಂದರೆ ಮನೆಯಲ್ಲಿ ಸಿನಿಮಾ ನೋಡುವ ಡಿಸ್ಕುಗಳ, ಅಂದರೆ ಆ ಹೊಳೆಯುವ ತಟ್ಟೆಗಳ ಚರಿತ್ರೆ. ಅದರಲ್ಲೂ 2006ರಿಂದ 2008ರವರೆಗೆ ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿಗಳ ನಡುವೆ ನಡೆದ ಕಾಳಗ.

ಮೊದಲು ಹಿನ್ನೆಲೆ. ತಟ್ಟೆಗೂ ಮೊದಲು ಜಗಳವಾಡಿದ್ದು ಟೇಪುಗಳು. ಸೋನಿ ಕಂಪೆನಿ 1975ರಲ್ಲಿ ಬೀಟಾಮ್ಯಾಕ್ಸ್ ತಂದಿತು, ಜೆವಿಸಿ 1976ರಲ್ಲಿ ವಿಎಚ್‌ಎಸ್ ತಂದಿತು. ಬೀಟಾಮ್ಯಾಕ್ಸ್ ಚಿತ್ರ ಚೆನ್ನಾಗಿತ್ತೆಂದು ಹೇಳುವವರು ಇಂದಿಗೂ ಇದ್ದಾರೆ. ಆದರೆ ಮೊದಲ ಬೀಟಾಮ್ಯಾಕ್ಸ್ ಕ್ಯಾಸೆಟ್ಟಿನಲ್ಲಿ ಹಿಡಿಯುತ್ತಿದ್ದದ್ದು ಒಂದು ಗಂಟೆ, ವಿಎಚ್‌ಎಸ್‌ನಲ್ಲಿ ಎರಡು ಗಂಟೆ. ಸಿನಿಮಾ ಅರ್ಧಕ್ಕೇ ನಿಂತರೆ ಯಾರಿಗೆ ಬೇಕು? 1988ರಲ್ಲಿ ಸೋನಿಯೇ ವಿಎಚ್‌ಎಸ್ ಯಂತ್ರಗಳನ್ನು ಮಾಡತೊಡಗಿತು. 1980ರ ದಶಕದಲ್ಲಿ ಕೊಲ್ಲಿ ದೇಶಗಳಿಂದ ರಜೆಯಲ್ಲಿ ಬಂದವರು ವಿಸಿಆರ್ ಪೆಟ್ಟಿಗೆ ಹೊತ್ತು ತಂದದ್ದು, ಅದರ ಮುಂದೆ ಊರಿಗೆ ಊರೇ ಕುಳಿತದ್ದು ನಮ್ಮ ಕಡೆಯ ಹಿರಿಯರಿಗೆಲ್ಲ ನೆನಪಿರುತ್ತದೆ.

ತಟ್ಟೆಗಳಲ್ಲಿ ಮೊದಲು ಬಂದದ್ದು ಲೇಸರ್ ಡಿಸ್ಕ್, 1978ರ ಡಿಸೆಂಬರಿನಲ್ಲಿ, ಅಮೆರಿಕದ ಅಟ್ಲಾಂಟಾ ನಗರದಲ್ಲಿ. ಗ್ರಾಮಫೋನ್ ಪ್ಲೇಟಿನಷ್ಟು ದೊಡ್ಡದು, 30 ಸೆಂಟಿಮೀಟರ್ ಅಗಲ. ಅದಕ್ಕೆ ಎದುರಾಗಿ ಆರ್‌ಸಿಎ ಕಂಪೆನಿ 1981ರಲ್ಲಿ ಮುಳ್ಳಿನಿಂದಲೇ ಚಿತ್ರ ಓದುವ ಪ್ಲೇಟೊಂದನ್ನು ತಂದು, ಕೋಟಿಗಟ್ಟಲೆ ಡಾಲರ್ ಕಳೆದುಕೊಂಡು, 1984ರಲ್ಲಿ ಅದರ ಯಂತ್ರ ತಯಾರಿಸುವುದನ್ನು ನಿಲ್ಲಿಸಿತು. ಲೇಸರ್ ಮುಂದಿನ ದಾರಿಯಾಗಿರುವಾಗ ಮುಳ್ಳನ್ನು ನಂಬಿದ್ದು ಎಂಥ ಲೆಕ್ಕಾಚಾರವೋ!

ನಮ್ಮ ಮನೆಗಳಿಗೆ ನಿಜವಾಗಿ ಬಂದ ತಟ್ಟೆಯೆಂದರೆ ವಿಸಿಡಿ. ಇದರ ಮಾನಕ ಸಿದ್ಧವಾದದ್ದು 1993ರಲ್ಲಿ. ಒಂದು ತಟ್ಟೆಯಲ್ಲಿ 74 ನಿಮಿಷ, ಹಾಗಾಗಿ ಒಂದು ಸಿನಿಮಾಕ್ಕೆ ಎರಡು-ಮೂರು ತಟ್ಟೆ. ಅಮೆರಿಕದವರು ಇದನ್ನು ಕಣ್ಣೆತ್ತಿ ನೋಡಲಿಲ್ಲ, ಏಷ್ಯಾದವರು ಎರಡೂ ಕೈಯಿಂದ ಬಾಚಿಕೊಂಡರು. ಆಮೇಲೆ ಡಿವಿಡಿ. ಇಲ್ಲಿಯೂ ಎರಡು ಬಣಗಳಿದ್ದವು. ಸೋನಿ-ಫಿಲಿಪ್ಸ್ ಒಂದು ಕಡೆ, ತೋಷಿಬಾ ಮತ್ತು ಟೈಮ್ ವಾರ್ನರ್ ಸಂಗಡಿಗರು ಇನ್ನೊಂದು ಕಡೆ. ಆದರೆ ಐಬಿಎಂ ಮೊದಲಾದ ಕಂಪ್ಯೂಟರ್ ಕಂಪೆನಿಗಳು "ನೀವು ಒಂದಾಗದಿದ್ದರೆ ನಾವು ಯಾವುದನ್ನೂ ಮುಟ್ಟುವುದಿಲ್ಲ" ಎಂದು ಪಟ್ಟು ಹಿಡಿದವು. 1995ರಲ್ಲಿ ಎರಡೂ ಬಣ ಒಂದಾದವು. 1996ರ ನವೆಂಬರಿನಲ್ಲಿ ಜಪಾನಿನಲ್ಲಿ, 1997ರಲ್ಲಿ ಅಮೆರಿಕದಲ್ಲಿ ಡಿವಿಡಿ ಮಾರಾಟಕ್ಕೆ ಬಂತು. ಜಗಳವಿಲ್ಲದೆ ಬಂದದ್ದರಿಂದಲೇ ಅದು ಅಷ್ಟು ಬೇಗ ಹಬ್ಬಿತು ಎಂಬುದು ನಮ್ಮ ಅನಿಸಿಕೆ.

ನಡುವೆ ಡಿವ್‌ಎಕ್ಸ್ ಎಂಬ ತಮಾಷೆಯೂ ನಡೆಯಿತು. 1998ರಲ್ಲಿ ಅಮೆರಿಕದ ಸರ್ಕಿಟ್ ಸಿಟಿ ಅಂಗಡಿಯವರು ತಂದ ತಟ್ಟೆಯಿದು. ಸುಮಾರು ನಾಲ್ಕೂವರೆ ಡಾಲರ್ ಕೊಟ್ಟು ತಂದರೆ ನೋಡತೊಡಗಿದ 48 ಗಂಟೆಗಳ ಬಳಿಕ ಬಾಗಿಲು ಬಂದ್. ಮತ್ತೆ ನೋಡಲು ಮತ್ತೆ ಹಣ. ಯಂತ್ರವು ಟೆಲಿಫೋನ್ ತಂತಿಯ ಮೂಲಕ ಕಂಪೆನಿಗೆ ಲೆಕ್ಕ ಒಪ್ಪಿಸುತ್ತಿತ್ತು! ಜನ ಸಹಿಸಲಿಲ್ಲ, 1999ರ ಜೂನಿನಲ್ಲಿ ಅಂಗಡಿ ಮುಚ್ಚಿತು. 2001ರ ಬಳಿಕ ಆ ತಟ್ಟೆಗಳು ಬರೀ ಪ್ಲಾಸ್ಟಿಕ್ಕು.

ಇನ್ನು ಕಾಳಗಕ್ಕೆ ಬರೋಣ. ತಟ್ಟೆಯ ಮೇಲಿರುವ ಸಣ್ಣ ಸಣ್ಣ ಗುಳಿಗಳನ್ನು ಲೇಸರ್ ಬೆಳಕು ಓದುತ್ತದೆ. ಬೆಳಕಿನ ತರಂಗ ಗಿಡ್ಡವಾದಷ್ಟೂ ಗುಳಿಗಳನ್ನು ಒತ್ತೊತ್ತಾಗಿ ಇಡಬಹುದು. ದಪ್ಪ ಸೀಸದಕಡ್ಡಿಗಿಂತ ಚೂಪು ಮಾಡಿದ ಕಡ್ಡಿಯಿಂದ ಒಂದೇ ಪುಟದಲ್ಲಿ ಹೆಚ್ಚು ಬರೆಯಬಹುದಲ್ಲ, ಹಾಗೆ. ಸಿಡಿಗೆ ಬಳಸುವ ಬೆಳಕಿನ ತರಂಗ 780 ನ್ಯಾನೋಮೀಟರ್, ಡಿವಿಡಿಯದು 650, ಎರಡೂ ಕೆಂಪಿನ ಕಡೆಯವು. 405 ನ್ಯಾನೋಮೀಟರಿನ ನೀಲಿ-ನೇರಳೆ ಲೇಸರ್ ಸಿದ್ಧವಾದೊಡನೆ ಹೊಸ ತಟ್ಟೆಯ ದಾರಿ ತೆರೆಯಿತು. ಆ ಲೇಸರಿಗೆ ಬುನಾದಿಯಾದ ನೀಲಿ ಎಲ್‌ಇಡಿಗಾಗಿಯೇ ಅಕಾಸಾಕಿ, ಅಮಾನೊ, ನಾಕಾಮುರ ಈ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂದದ್ದು.

ಒಂದೇ ನೀಲಿ ಬೆಳಕನ್ನು ಹಿಡಿದು ಎರಡು ಪಂಗಡಗಳು ಹೊರಟವು. 2002ರ ಫೆಬ್ರವರಿಯಲ್ಲಿ ಸೋನಿ ಸೇರಿದಂತೆ ಒಂಬತ್ತು ಕಂಪೆನಿಗಳು ಬ್ಲೂ-ರೇ ಘೋಷಿಸಿದವು. ತೋಷಿಬಾ ಮತ್ತು ಎನ್‌ಇಸಿ ಎಚ್‌ಡಿ ಡಿವಿಡಿಯ ಹಾದಿ ಹಿಡಿದವು. ಬ್ಲೂ-ರೇಯಲ್ಲಿ ಒಂದು ಪದರಕ್ಕೆ 25 ಗಿಗಾಬೈಟ್, ಎಚ್‌ಡಿ ಡಿವಿಡಿಯಲ್ಲಿ 15. ಆದರೆ ಎಚ್‌ಡಿ ಡಿವಿಡಿಯನ್ನು ಹಳೆಯ ಡಿವಿಡಿ ಕಾರ್ಖಾನೆಯಲ್ಲೇ ಸಣ್ಣಪುಟ್ಟ ಬದಲಾವಣೆ ಮಾಡಿ ತಯಾರಿಸಬಹುದಿತ್ತು. ಬ್ಲೂ-ರೇಯ ಮಾಹಿತಿಯ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಕೆಳಗೆ ಇರುವುದರಿಂದ ಗೀರು ಬೀಳದಂತೆ ಗಟ್ಟಿ ಲೇಪ ಬೇಕಾಯಿತು, ಹೊಸ ಯಂತ್ರಗಳೂ ಬೇಕಾದವು. 2005ರಲ್ಲಿ ರಾಜಿಗೆ ಮಾತುಕತೆ ನಡೆಯಿತು, ಮುರಿಯಿತು. ಹತ್ತು ವರ್ಷ ಹಿಂದೆ ರಾಜಿ ಮಾಡಿಕೊಂಡವರೇ ಈಗ ಹಟಕ್ಕೆ ಬಿದ್ದರು.

2006ರ ಏಪ್ರಿಲಿನಲ್ಲಿ ತೋಷಿಬಾದ ಯಂತ್ರ 499 ಡಾಲರಿಗೆ ಅಮೆರಿಕದ ಅಂಗಡಿಗೆ ಬಂತು. ಜೂನಿನಲ್ಲಿ ಸ್ಯಾಮ್‌ಸಂಗ್‌ನ ಮೊದಲ ಬ್ಲೂ-ರೇ ಯಂತ್ರ ಬಂತು, ಬೆಲೆ 999 ಡಾಲರ್. ಅಗ್ಗದ್ದು ಎಚ್‌ಡಿ ಡಿವಿಡಿ, ಆರಂಭದ ಚಿತ್ರಗಳಲ್ಲಿ ನೋಡಲು ಚೆನ್ನಾಗಿದ್ದದ್ದೂ ಅದೇ ಎಂದು ಆಗಿನ ವಿಮರ್ಶಕರು ಬರೆದರು. ಹಾಗಾದರೆ ಅದೇ ಗೆಲ್ಲಬೇಕಿತ್ತಲ್ಲ? ಇಲ್ಲ! ಅದೇ ವರ್ಷ ನವೆಂಬರಿನಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ 3 ಆಟದ ಪೆಟ್ಟಿಗೆಯೊಳಗೆ ಬ್ಲೂ-ರೇಯನ್ನು ಸೇರಿಸಿಬಿಟ್ಟಿತು. ಆಟಕ್ಕೆಂದು ಕೊಂಡವರ ಮನೆಗೆಲ್ಲ ಬ್ಲೂ-ರೇ ತಾನಾಗಿಯೇ ಹೊಕ್ಕಿತು. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸಿಗೆ ಎಚ್‌ಡಿ ಡಿವಿಡಿಯನ್ನು 199 ಡಾಲರಿನ ಬೇರೆ ಪೆಟ್ಟಿಗೆಯಾಗಿ ಮಾರಿತು. ಬೇರೆ ಕೊಳ್ಳಬೇಕೆಂದರೆ ಎಷ್ಟು ಜನ ಕೊಳ್ಳುತ್ತಾರೆ?

ಇದಕ್ಕಿಂತ ದೊಡ್ಡ ತೊಡಕು ಸಿನಿಮಾ ಕಂಪೆನಿಗಳದು. ಸೋನಿ, ಡಿಸ್ನಿ, ಫಾಕ್ಸ್ ಚಿತ್ರಗಳು ಬ್ಲೂ-ರೇಯಲ್ಲಿ ಮಾತ್ರ. ಯೂನಿವರ್ಸಲ್ ಚಿತ್ರಗಳು ಎಚ್‌ಡಿ ಡಿವಿಡಿಯಲ್ಲಿ ಮಾತ್ರ. ಎರಡರಲ್ಲೂ ತರುತ್ತಿದ್ದ ಪ್ಯಾರಾಮೌಂಟ್ 2007ರ ಆಗಸ್ಟಿನಲ್ಲಿ ಹಠಾತ್ತನೆ ಎಚ್‌ಡಿ ಡಿವಿಡಿ ಕಡೆಗೆ ಹಾರಿತು. ಅದಕ್ಕೂ ಅದರ ಜೊತೆಗಾರ ಡ್ರೀಮ್‌ವರ್ಕ್ಸಿಗೂ ಸೇರಿ 15 ಕೋಟಿ ಡಾಲರಿನಷ್ಟು ಪ್ರೋತ್ಸಾಹಧನ ಸಂದಿದೆಯೆಂದು ಪತ್ರಿಕೆಗಳು ವರದಿ ಮಾಡಿದವು. ಮನೆಯಲ್ಲಿ ಒಂದು ಯಂತ್ರ ಇಟ್ಟುಕೊಂಡವರಿಗೆ ಅರ್ಧ ಪೇಟೆಯ ಸಿನಿಮಾ ಸಿಗದು, ಎರಡೂ ಇಟ್ಟುಕೊಳ್ಳಲು ಹಣ ಸಾಲದು. ಎಲ್‌ಜಿ ಕಂಪೆನಿ ಎರಡನ್ನೂ ಓದುವ ಯಂತ್ರ ತಂದಿತು, ಬೆಲೆ 1,199 ಡಾಲರ್!

2007ರ ನವೆಂಬರಿನ ಆರಂಭದಲ್ಲಿ ವಾಲ್‌ಮಾರ್ಟ್ ಅಂಗಡಿಗಳು ತೋಷಿಬಾದ ಯಂತ್ರವನ್ನು ನೂರು ಡಾಲರಿಗೂ ಕಡಿಮೆಗೆ ಮಾರಿದವು. ಜನ ಮುಗಿಬಿದ್ದರು. ಅವರ ಸಂತೋಷ ಎರಡೇ ತಿಂಗಳು. 2008ರ ಜನವರಿ 4ರಂದು ವಾರ್ನರ್ ಕಂಪೆನಿ ಇನ್ನು ಮುಂದೆ ಬ್ಲೂ-ರೇ ಮಾತ್ರ ಎಂದು ಸಾರಿತು. ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್, ಬೆಸ್ಟ್ ಬೈ, ವಾಲ್‌ಮಾರ್ಟ್ ಒಂದರ ಹಿಂದೆ ಒಂದು ಅದೇ ದಾರಿ ಹಿಡಿದವು. ಫೆಬ್ರವರಿ 19ರಂದು ತೋಷಿಬಾ ಶಸ್ತ್ರ ಕೆಳಗಿಟ್ಟಿತು. ಮರುವರ್ಷ ತಾನೂ ಬ್ಲೂ-ರೇ ಬಳಗ ಸೇರಿತು.

ಸೋತವರ ಕಡೆ ಹಣ ಹಾಕಿದವರಿಗೆ ನಷ್ಟವಾಯಿತೆಂಬುದು ಎಲ್ಲರಿಗೂ ಕಾಣುತ್ತದೆ. ಬೆಸ್ಟ್ ಬೈ ತನ್ನ ಗಿರಾಕಿಗಳಿಗೆ 50 ಡಾಲರಿನ ಉಡುಗೊರೆ ಚೀಟಿ ಕೊಟ್ಟು ಕಣ್ಣೊರೆಸಿತು. ಗೆದ್ದವರ ಕಡೆ ಮೊದಲೇ ನಿಂತವರಿಗೂ ನಷ್ಟವಾಗಿತ್ತು ಎಂಬುದನ್ನು ಮಾತ್ರ ಹೆಚ್ಚಿನವರು ಗಮನಿಸುವುದಿಲ್ಲ. 2006ರಲ್ಲಿ 999 ಡಾಲರ್ ಕೊಟ್ಟವರ ಯಂತ್ರದಲ್ಲಿ ಬ್ಲೂ-ರೇಗೆ ಆಮೇಲೆ ಸೇರಿಸಿದ ಹಲವು ಸೌಲಭ್ಯಗಳು ನಡೆಯಲೇ ಇಲ್ಲ. 2008ರ ಕೊನೆಗೆ ಅದಕ್ಕಿಂತ ಒಳ್ಳೆಯ ಯಂತ್ರಗಳು 200 ಡಾಲರಿಗೂ ಕಡಿಮೆಗೆ ಸಿಗುತ್ತಿದ್ದವು. ಸರಿಯಾದ ಕುದುರೆಯ ಬೆನ್ನೇರಿದರೂ ಅವಸರಕ್ಕೆ ದಂಡ ತಪ್ಪಲಿಲ್ಲ. ಸುಮ್ಮನೆ ಡಿವಿಡಿ ನೋಡುತ್ತಾ ಕುಳಿತವರು ಕಳೆದುಕೊಂಡದ್ದು ಏನೂ ಇಲ್ಲ, ಏಕೆಂದರೆ ಅದೇ ಸಿನಿಮಾಗಳೆಲ್ಲ ಡಿವಿಡಿಯಲ್ಲೂ ಬರುತ್ತಿದ್ದವು.

ಇನ್ನೊಂದು ಲೆಕ್ಕವನ್ನು ಮಕ್ಕಳಿಗೆ ಹಲಗೆಯ ಮೇಲೆ ಹಾಕಿ ತೋರಿಸಬಹುದು. ವಿಸಿಡಿಯ ಚಿತ್ರ 352 ಗುಣಿಸು 288, ಅಂದರೆ ಸುಮಾರು 1 ಲಕ್ಷ ಚುಕ್ಕಿ. ಡಿವಿಡಿ 720 ಗುಣಿಸು 576, ಸುಮಾರು 4 ಲಕ್ಷ. ಬ್ಲೂ-ರೇ 1920 ಗುಣಿಸು 1080, 20 ಲಕ್ಷ ದಾಟುತ್ತದೆ. ಆದರೆ ಡಬ್ಬದಂಥ ಹಳೆಯ ಟಿವಿಯಲ್ಲಿ ಈ 20 ಲಕ್ಷ ಚುಕ್ಕಿ ತೋರಿಸಲು ಜಾಗವೇ ಇಲ್ಲ. ಟಿವಿ ಬದಲಿಸದೆ ತಟ್ಟೆ ಬದಲಿಸುವುದೆಂದರೆ ಲೋಟದಲ್ಲಿ ಕೊಡಪಾನದ ನೀರು ಹಿಡಿದಂತೆ. 2007ರಲ್ಲಿ ಅಲ್ಲಿ ಈ ಯುದ್ಧ ನಡೆಯುತ್ತಿದ್ದಾಗ ಇಲ್ಲಿ ಮೋಸರ್ ಬೇಯರ್ ಕಂಪೆನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲು ಹೊರಟದ್ದು ನೆನಪಿರಬಹುದು. ನಮಗೆ ಬೇಕಾದದ್ದು ಅದೇ ಆಗಿತ್ತು.

ಗೆದ್ದ ಬ್ಲೂ-ರೇಯಾದರೂ ಎಷ್ಟು ದಿನ ಮೆರೆಯಿತು? ನೆಟ್‌ಫ್ಲಿಕ್ಸ್ 2007ರಲ್ಲೇ ಇಂಟರ್‌ನೆಟ್ ಮೂಲಕ ಸಿನಿಮಾ ತೋರಿಸಲು ಶುರು ಮಾಡಿತ್ತು. ತಟ್ಟೆಗಳನ್ನು ಅಂಚೆಯಲ್ಲಿ ಕಳಿಸುವುದನ್ನು ಅದು 2023ರಲ್ಲಿ ನಿಲ್ಲಿಸಿತು. ಇಬ್ಬರು ಜಗಳವಾಡುತ್ತಿದ್ದಾಗ ಮೂರನೆಯವನು ಹಿತ್ತಿಲಿನಿಂದ ಬಂದ ಕಥೆ.

ಹಾಗಾದರೆ ಕಾಯುವುದೇ ಜಾಣತನವೇ? ಕೊಳ್ಳುವ ಸಿನಿಮಾದ ಮಟ್ಟಿಗೆ ಹೌದು ಎನ್ನುತ್ತೇವೆ. ಜನಪ್ರಿಯ ಚಿತ್ರವನ್ನು ಕಂಪೆನಿಯವರೇ ಟೇಪಿನಿಂದ ತಟ್ಟೆಗೆ, ತಟ್ಟೆಯಿಂದ ಇಂಟರ್‌ನೆಟ್ಟಿಗೆ ಹೊತ್ತು ತರುತ್ತಾರೆ. ಆದರೆ ನಾವೇ ಚಿತ್ರೀಕರಿಸಿದ್ದನ್ನು ಯಾರು ತರುತ್ತಾರೆ? ಪಾರ್ತಿಸುಬ್ಬನ ಈ ಕುಂಬಳೆ ಸೀಮೆಯಲ್ಲಿ ಎಷ್ಟೋ ಬಯಲಾಟಗಳು, ತಾಳಮದ್ದಳೆಗಳು, ಶಾಲಾ ವಾರ್ಷಿಕೋತ್ಸವದ ಕನ್ನಡ ನಾಟಕಗಳು ವಿಎಚ್‌ಎಸ್ ಕ್ಯಾಸೆಟ್ಟಿನಲ್ಲೋ ಮನೆಯಲ್ಲೇ ಬರೆದ ಸಿಡಿಯಲ್ಲೋ ಕಪಾಟಿನೊಳಗಿವೆ. ಅವುಗಳಲ್ಲಿ ಮಾತಾಡಿದ ಅರ್ಥಧಾರಿಗಳಲ್ಲಿ ಅನೇಕರು ಈಗಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಟೇಪಿಗೆ ಬೂಸಲು ಹಿಡಿಯುತ್ತದೆ, ಬರೆದ ಸಿಡಿಯ ಬಣ್ಣದ ಪದರ ವರ್ಷ ಕಳೆದಂತೆ ಮಾಸುತ್ತದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪೆನಿ, ಜಪಾನಿನ ಫುನಾಯಿ, 2016ರ ಜುಲೈಯಲ್ಲಿ ಅದನ್ನು ನಿಲ್ಲಿಸಿತು. ಇಲ್ಲಿ ಕಾದಷ್ಟೂ ನಷ್ಟ.

ವಿಸಿಡಿಯ ಕೆಲಸ ಸುಲಭ. ಡಿವಿಡಿ ಡ್ರೈವ್ ಇರುವ ಕಂಪ್ಯೂಟರಿಗೆ ಹಾಕಿ ಎಂಪಿಇಜಿಎವಿ ಎಂಬ ಫೋಲ್ಡರ್ ತೆರೆದರೆ ಡಾಟ್ ಎಂಬ ಕಡತಗಳು ಕಾಣುತ್ತವೆ. ಅವುಗಳನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ವಿಎಲ್‌ಸಿಯಲ್ಲಿ ಓಡಿಸಿ ನೋಡಿ. ಯಾವ ವರ್ಷ, ಯಾವ ಪ್ರಸಂಗ, ಯಾರು ಯಾವ ಪಾತ್ರ ಎಂದು ಹಿರಿಯರನ್ನು ಕೇಳಿ ಬರೆದಿಡಿ, ಇದನ್ನು ಏಳನೆಯ ತರಗತಿಯ ಮಕ್ಕಳೇ ಮಾಡಬಲ್ಲರು. ವಿಎಚ್‌ಎಸ್ ಕ್ಯಾಸೆಟ್ಟಿಗೆ ಮಾತ್ರ ನಡೆಯುವ ಯಂತ್ರವೇ ಬೇಕು. ಗಲ್ಫಿನಿಂದ ಬಂದ ಹಳೆಯ ವಿಸಿಆರ್ ಯಾರದಾದರೂ ಅಟ್ಟದಲ್ಲಿದ್ದು ಇನ್ನೂ ಓಡುತ್ತಿದ್ದರೆ ಗುಜರಿಗೆ ಹಾಕಬೇಡಿ, ಹತ್ತಿರದ ಕನ್ನಡ ಶಾಲೆಗೆ ಒಂದು ವಾರದ ಮಟ್ಟಿಗೆ ಎರವಲು ಕೊಡಿ.