ಜೆರೋಮನ ಸ್ವಪ್ನವೂ ಅದರ ಪ್ರಾಮಾಣ್ಯವೂ

ಕ್ರೈಸ್ತರ ಧರ್ಮಗ್ರಂಥದಲ್ಲಿ ಸ್ವಪ್ನವನ್ನು ಕುರಿತು ಎರಡು ಬಗೆಯ ಮಾತುಗಳಿವೆ. ಯಾಕೋಬ, ಯೋಸೇಫರ ಕಥೆಗಳಲ್ಲಿಯೂ ಮತ್ತಾಯನ ಸುವಾರ್ತೆಯಲ್ಲಿಯೂ ದೇವರು ತನ್ನ ಸಂಕಲ್ಪವನ್ನು ಸ್ವಪ್ನಮುಖದಿಂದ ತಿಳಿಸುತ್ತಾನೆ. ಧರ್ಮೋಪದೇಶಕಾಂಡವೂ ಪ್ರವಾದಿ ಯೆರೆಮೀಯನೂ ಕನಸುಗಾರರ ಮಾತಿಗೆ ಮರುಳಾಗಬಾರದೆಂದು ಎಚ್ಚರಿಸುವುದೂ ಉಂಟು. ಈ ಎರಡು ಪಕ್ಷಗಳನ್ನೂ, ಒಂದೇ ಸ್ವಪ್ನದ ವಿಷಯದಲ್ಲಿ, ಹಲವು ವರ್ಷಗಳ ಅಂತರದಲ್ಲಿ ಒಬ್ಬನೇ ವಿದ್ವಾಂಸನು ಹಿಡಿದನು. ಬೈಬಲಿನ ಬಹುಭಾಗವನ್ನು ಲ್ಯಾಟಿನ್ ಭಾಷೆಗೆ ತಂದ ಜೆರೋಮನೇ ಆತನು.

ಕ್ರಿ. ಶ. ೩೮೪ರಲ್ಲಿ ರೋಮಿನಲ್ಲಿದ್ದಾಗ ಯೂಸ್ಟೋಕಿಯಮ್ ಎಂಬ ಕನ್ಯಾವ್ರತಸ್ಥೆಗೆ ಆತನು ಬರೆದ ದೀರ್ಘಪತ್ರದಲ್ಲಿ ಆ ಸ್ವಪ್ನದ ವೃತ್ತಾಂತವಿದೆ. ಮನೆ, ಬಂಧುಗಳು, ಅವಕ್ಕಿಂತಲೂ ಬಿಡಲರಿದಾದ ಸವಿಯೂಟ, ಇವೆಲ್ಲವನ್ನೂ ತೊರೆದವನು ರೋಮಿನಲ್ಲಿ ಶ್ರಮದಿಂದ ಕೂಡಿಸಿದ್ದ ಪುಸ್ತಕಭಂಡಾರವನ್ನು ಮಾತ್ರ ತೊರೆಯಲಾರದೆ ಹೋದನು. ಉಪವಾಸವಿದ್ದು ಸಿಸಿರೋವನ್ನು ಓದುವನು. ಪಾಪಗಳನ್ನು ನೆನೆದು ರಾತ್ರಿಯೆಲ್ಲ ಅತ್ತು, ಆಮೇಲೆ ಪ್ಲಾಟಸನ ನಾಟಕಗಳನ್ನು ಹಿಡಿಯುವನು. ಪ್ರವಾದಿಗಳ ಶೈಲಿ ಆತನಿಗೆ ಒರಟೆನಿಸುತ್ತಿತ್ತು. ಈಸ್ಟರಿಗೆ ಮುಂಚಿನ ಉಪವಾಸಕಾಲದ ನಡುವೆ ಘೋರಜ್ವರ ಬಂದು, ಸುತ್ತಲಿನವರು ಉತ್ತರಕ್ರಿಯೆಗೆ ಸಿದ್ಧತೆ ನಡೆಸಿದ್ದಾಗ, ಆತ್ಮವು ನ್ಯಾಯಾಸನದ ಮುಂದೆ ನಿಂತಿತಂತೆ. ತಾನು ಕ್ರೈಸ್ತನೆಂದು ಹೇಳಿಕೊಂಡಾಗ ನ್ಯಾಯಾಧಿಪತಿಯು ಅದು ಸುಳ್ಳೆಂದೂ, ಈತನು ಸಿಸಿರೋವಿನ ಭಕ್ತನೆಂದೂ ನಿರ್ಣಯಿಸಿ ಚಾವಟಿಯಿಂದ ಹೊಡೆಯಿಸಿದನು. ಇನ್ನು ಲೌಕಿಕ ಗ್ರಂಥಗಳನ್ನು ಮುಟ್ಟುವುದಿಲ್ಲವೆಂದು ಆಣೆಯಿಟ್ಟ ಮೇಲೆ ಬಿಡುಗಡೆ. ಇದು ಬರಿಯ ಕನಸಲ್ಲವೆನ್ನುವುದಕ್ಕೆ, ಎಚ್ಚತ್ತ ಮೇಲೂ ತೋರುತ್ತಿದ್ದ ಬಾಸುಂಡೆಗಳನ್ನು ಜೆರೋಮನು ಸಾಕ್ಷಿಯಾಗಿ ಹೇಳುತ್ತಾನೆ.

ಸ್ವಪ್ನದ ಕಾಲವು ನಿಶ್ಚಿತವಾಗಿಲ್ಲ. ಅಂತಿಯೋಕ್ಯದಲ್ಲಿ, ಸುಮಾರು ೩೭೪–೭೫ರಲ್ಲಿ ನಡೆದಿರಬಹುದೆಂದು ಹಲವರ ಮತ. ಆದರೆ ಗಲಾತ್ಯ ಪತ್ರಿಕೆಯ ವ್ಯಾಖ್ಯಾನದಲ್ಲಿ (ಸುಮಾರು ೩೮೬) ಸಿಸಿರೋ, ವರ್ಜಿಲರನ್ನು ಕೈಗೆತ್ತಿಕೊಂಡು ಹದಿನೈದು ವರ್ಷಗಳಿಗೂ ಮಿಕ್ಕಿತೆಂದು ಆತನೇ ಬರೆದಿದ್ದಾನೆ. ಲೆಕ್ಕ ಸರಿಹೊಂದದು, ಹದಿನೈದೆಂಬುದು ಮಾತಿನ ಭರದಲ್ಲಿ ಬಂದ ಸಂಖ್ಯೆಯಿರಬೇಕು.

ಓರಿಗೆನನ ಗ್ರಂಥಗಳ ದೆಸೆಯಿಂದ ಬಾಲ್ಯಮಿತ್ರನಾದ ರೂಫಿನಸನೊಡನೆ ವೈರ ಬೆಳೆದಾಗ ಆ ಆಣೆಯೇ ಆತನಿಗೆ ಉರುಳಾಯಿತು. ಜೆರೋಮನು ಬೆತ್ಲೆಹೇಮಿನಲ್ಲಿ ಬಾಲಕರಿಗೆ ವರ್ಜಿಲನನ್ನು ಪಾಠ ಹೇಳಿದನೆಂದೂ, ಸಿಸಿರೋವಿನ ಸಂವಾದಗಳನ್ನು ಪ್ರತಿಮಾಡಿಸಿದನೆಂದೂ ೪೦೧ರಲ್ಲಿ ರೂಫಿನಸನು ಆರೋಪಿಸಿದನು. ತನ್ನ ಉತ್ತರದಲ್ಲಿ ಜೆರೋಮನು, ಆಣೆಯು ಮುಂದಿನ ಕಾಲಕ್ಕೆ ಸೇರಿದ್ದೆಂದೂ, ಕಲಿತುದನ್ನು ಮರೆಯುವುದು ಅಶಕ್ಯವೆಂದೂ ವಾದಿಸಿ, ಬಳಿಕ ಪ್ರವಾದಿಗಳನ್ನೇ ಮುಂದಿಟ್ಟುಕೊಂಡು ಸ್ವಪ್ನಗಳನ್ನು ನಂಬಬಾರದೆನ್ನುತ್ತಾನೆ. ದೀಕ್ಷಾಸ್ನಾನದ ಪ್ರತಿಜ್ಞೆಗಳನ್ನು ರೂಫಿನಸನು ಪಾಲಿಸಿದನೇ ಎಂಬ ಮರುಪ್ರಶ್ನೆಯನ್ನೂ ಹಾಕುತ್ತಾನೆ.

ಇದು ಕೇವಲ ವಾದಚಾತುರ್ಯವೆಂದು ತಳ್ಳಿಹಾಕುವುದು ಸುಲಭ. ಸ್ವಪ್ನವು ಕಂಡವನ ಮನಸ್ಸನ್ನು ತಿದ್ದಬಹುದು. ಆದರೆ ಎದುರಾಳಿಯು ಅದನ್ನು ಕರಾರುಪತ್ರದಂತೆ ಹಿಡಿದು ದಾವೆ ಹೂಡಲಾಗದು ಎಂಬ ಭೇದವು ಆತನ ಉತ್ತರದಲ್ಲಿ ಅಡಗಿದೆ. ಆ ಭೇದ ನ್ಯಾಯವಾದುದೇ. ಹಾಗಿದ್ದರೂ ಖಾಸಗಿಯಾಗಿ ಕಂಡುದನ್ನು ಮೊದಲು ಪರೋಪದೇಶಕ್ಕೆ ಪ್ರಮಾಣವಾಗಿ ಬಳಸಿದವನು ಜೆರೋಮನೇ ಆದುದರಿಂದ ರೂಫಿನಸನ ಆಕ್ಷೇಪಕ್ಕೂ ಬಲವಿಲ್ಲದಿಲ್ಲ.

ಅದೇ ಉತ್ತರದಲ್ಲಿ ಆತನ ಇನ್ನೊಂದು ಕನಸೂ ಬರುತ್ತದೆ: ತಲೆ ನರೆತು ಬೋಳಾದ ಮೇಲೂ, ಗುಂಗುರುಗೂದಲಿನ ಹುಡುಗನಾಗಿ, ಟೋಗಾ ಧರಿಸಿ, ಅಲಂಕಾರಗುರುವಿನ ಮುಂದೆ ವಾದಭಾಷಣಕ್ಕೆ ನಿಂತಂತೆ ಆತನಿಗೆ ಪದೇ ಪದೇ ಕಾಣುತ್ತಿತ್ತು, ಎಚ್ಚತ್ತಾಗ ಭಾಷಣದ ಗಂಡಾಂತರ ತಪ್ಪಿತೆಂದು ಹಿಗ್ಗುತ್ತಿದ್ದನು.