ಮರೆಗುಳಿ ಕಾಯಿಲೆಯುಳ್ಳ ಹಿರಿಯರಿಗೆ ವಸತಿ ಆರೈಕೆ ಕೇಂದ್ರದ ಆಯ್ಕೆ: ಉಡುಪಿ ಜಿಲ್ಲೆಯ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ವೈದ್ಯರು ಡಿಮೆನ್ಷಿಯಾ ಎಂದು ಕರೆಯುವ ಮರೆಗುಳಿ ಕಾಯಿಲೆಯು ವಯೋಸಹಜ ಮರೆವಲ್ಲ. ಅದು ಮೆದುಳಿನ ರೋಗಗಳಿಂದ ಉಂಟಾಗಿ ಕ್ರಮೇಣ ಹೆಚ್ಚುವ ಸ್ಥಿತಿಯಾಗಿರುತ್ತದೆ. ಇಂತಹ ರೋಗಗಳಲ್ಲಿ ಆಲ್‌ಝೈಮರ್ಸ್ ಅತ್ಯಂತ ಸಾಮಾನ್ಯವಾದುದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಪ್ರಕಾರ ಭಾರತದಲ್ಲಿ 60 ವರ್ಷ ಮೇಲ್ಪಟ್ಟವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಹಿರಿಯರು ಈ ಸ್ಥಿತಿಯಲ್ಲಿದ್ದಾರೆಂದು ಅಂದಾಜಿಸಲಾಗಿದೆ.

ಉಡುಪಿ ಜಿಲ್ಲೆಯ ಅನೇಕ ಕುಟುಂಬಗಳ ದುಡಿಯುವ ಸದಸ್ಯರು ಮುಂಬಯಿ, ಬೆಂಗಳೂರು ಹಾಗೂ ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ್ದು, ಊರಿನ ಮನೆಯಲ್ಲಿ ವೃದ್ಧ ದಂಪತಿಗಳು ಮಾತ್ರ ಉಳಿದಿರುವುದು ಸಾಮಾನ್ಯವಾಗಿದೆ. ಇಬ್ಬರಲ್ಲಿ ಒಬ್ಬರ ಮರೆವು ತೀವ್ರಗೊಂಡಾಗ ಇನ್ನೊಬ್ಬರು ಹಗಲಿರುಳು ಕಾವಲಿರಬೇಕಾಗುತ್ತದೆ. ಅಂತಹ ಸಂದರ್ಭದಲ್ಲಿ ವಸತಿ ಆರೈಕೆ ಕೇಂದ್ರದ ನೆರವು ಪಡೆಯುವುದನ್ನು ಕರ್ತವ್ಯಲೋಪವೆಂದು ಭಾವಿಸಬೇಕಾಗಿಲ್ಲ. ಆದರೆ ಈ ಕಾಯಿಲೆಯುಳ್ಳವರು ತಮಗಾದ ನೋವು, ಹಸಿವು ಅಥವಾ ಅವಮಾನವನ್ನು ಮರುದಿನ ನೆನಪಿಟ್ಟು ಹೇಳಲಾರರು. ಆದುದರಿಂದ ಆಯ್ಕೆಯ ಸಮಯದಲ್ಲಿಯೂ ಸೇರ್ಪಡೆಯ ನಂತರವೂ ಅವರ ಪರವಾಗಿ ಕಣ್ಣಿಟ್ಟು ನೋಡುವ ಹೊಣೆ ಕುಟುಂಬದವರದಾಗಿರುತ್ತದೆ.

2. ಕೇಂದ್ರವನ್ನು ಹುಡುಕುವ ಮೊದಲು

ಮೊದಲಿಗೆ ಕಾಯಿಲೆಯ ನಿರ್ಣಯವಾಗಿರಬೇಕು. ಥೈರಾಯಿಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ಖಿನ್ನತೆ, ಕೆಲವು ಔಷಧಿಗಳ ಅಡ್ಡಪರಿಣಾಮ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ಶೇಖರವಾಗುವುದು ಇವುಗಳಿಂದಲೂ ಮರೆವು ಬರುತ್ತದೆ. ಇವುಗಳಲ್ಲಿ ಹೆಚ್ಚಿನವು ಚಿಕಿತ್ಸೆಯಿಂದ ಸುಧಾರಿಸತಕ್ಕವು. ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಹಾಗೂ ದೊಡ್ಡಣಗುಡ್ಡೆಯ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಲ್ಲಿ ತಪಾಸಣೆಗಾಗಿ ವಿಚಾರಿಸಬಹುದು. ಕಾರ್ಕಳ ಭಾಗದವರು ತಾಲ್ಲೂಕು ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಮೊದಲು ಕಂಡು, ಅವರ ಶಿಫಾರಸು ಪತ್ರದೊಂದಿಗೆ ತಜ್ಞರ ಬಳಿಗೆ ಹೋಗುವುದು ಅನುಕೂಲ.

ರೋಗನಿರ್ಣಯದ ನಂತರ ಹಿರಿಯರ ಸ್ಥಿತಿಯನ್ನು ಒಂದು ಹಾಳೆಯಲ್ಲಿ ಬರೆದಿಡತಕ್ಕದ್ದು: ತಾವಾಗಿ ಊಟ ಮಾಡುವರೇ, ಶೌಚಾಲಯಕ್ಕೆ ಹೋಗುವರೇ, ರಾತ್ರಿ ಎದ್ದು ನಡೆಯುವರೇ, ಸಿಟ್ಟಾಗಿ ಕೈ ಎತ್ತುವರೇ, ನುಂಗಲು ಕಷ್ಟವಿದೆಯೇ. ಈ ಹಾಳೆಯನ್ನು ಮುಚ್ಚುಮರೆಯಿಲ್ಲದೆ ಕೇಂದ್ರದವರಿಗೆ ತೋರಿಸಬೇಕು. ವಿಷಯ ಮರೆಮಾಚಿ ಸೇರಿಸಿದಲ್ಲಿ ಕೆಲವೇ ವಾರಗಳಲ್ಲಿ ಹಿರಿಯರನ್ನು ಹಿಂದಕ್ಕೆ ಕರೆದೊಯ್ಯುವಂತೆ ತಿಳಿಸುವ ಸಂಭವವಿದ್ದು, ಎರಡು ಬಾರಿ ಸ್ಥಳ ಬದಲಾಗುವುದರಿಂದ ಅವರ ಗೊಂದಲ ಇನ್ನಷ್ಟು ಹೆಚ್ಚುತ್ತದೆ.

3. ವಸತಿ ಕೇಂದ್ರಗಳ ವಿಧಗಳು

(ಅ) ಸಾಮಾನ್ಯ ವೃದ್ಧಾಶ್ರಮ: ತಮ್ಮ ದೈನಂದಿನ ಕೆಲಸಗಳನ್ನು ತಾವೇ ಮಾಡಿಕೊಳ್ಳಬಲ್ಲ ಹಿರಿಯರಿಗೆ ಸೂಕ್ತ. ಇಂತಹ ಅನೇಕ ಆಶ್ರಮಗಳು ಮರೆಗುಳಿ ಕಾಯಿಲೆಯುಳ್ಳವರನ್ನು ಸೇರಿಸಿಕೊಳ್ಳುವುದಿಲ್ಲ, ಅಥವಾ ಆರಂಭದ ಹಂತದಲ್ಲಿ ಮಾತ್ರ ಇರಿಸಿಕೊಳ್ಳುತ್ತವೆ.

(ಆ) ಶುಶ್ರೂಷಾ ಸೌಲಭ್ಯವುಳ್ಳ ಆರೈಕೆ ಕೇಂದ್ರ: ಹಾಸಿಗೆ ಹಿಡಿದವರಿಗೆ ದಾದಿಯರ ಸೇವೆ ಇರುತ್ತದೆ. ಆದರೆ ನಡೆದಾಡುವ ಮರೆಗುಳಿ ರೋಗಿಗಳ ನಿಗಾ ವ್ಯವಸ್ಥೆ ಇದೆಯೇ ಎಂಬುದನ್ನು ಪ್ರತ್ಯೇಕವಾಗಿ ಕೇಳಬೇಕು.

(ಇ) ಮರೆಗುಳಿ ಕಾಯಿಲೆಯವರಿಗೇ ಮೀಸಲಾದ ಕೇಂದ್ರ: ಹಿರಿಯ ನಾಗರಿಕರಿಗಾಗಿ ಇರುವ ಕೇಂದ್ರ ಸರ್ಕಾರದ ಸಮಗ್ರ ಕಾರ್ಯಕ್ರಮದಲ್ಲಿ ಇಂತಹ ಕೇಂದ್ರಗಳನ್ನು ನಡೆಸುವ ಸಂಸ್ಥೆಗಳಿಗೆ ಅನುದಾನಕ್ಕೆ ಅವಕಾಶವಿದೆ.

ಎಲ್ಲಾ ವಿಧದ ಕೇಂದ್ರಗಳಲ್ಲಿಯೂ ಕೇಳಬೇಕಾದ ಮೊದಲನೆಯ ಪ್ರಶ್ನೆ ಇದು: "ಕಾಯಿಲೆ ಹೆಚ್ಚಾಗಿ, ಮಾತು ನಿಂತು, ಹಾಸಿಗೆ ಹಿಡಿದ ಮೇಲೆಯೂ ಇಲ್ಲಿಯೇ ಇರಿಸಿಕೊಳ್ಳುವಿರಾ?" ಇದಕ್ಕೆ ಉತ್ತರವನ್ನು ಲಿಖಿತವಾಗಿ ಪಡೆಯುವುದು ಸೂಕ್ತ.

4. ನೋಂದಣಿಯ ಪರಿಶೀಲನೆ

ಟ್ರಸ್ಟ್ ಅಥವಾ ಸಂಘವಾಗಿ ನೋಂದಣಿಯಾಗಿರುವುದು ಆರೈಕೆಯ ಗುಣಮಟ್ಟಕ್ಕೆ ಪ್ರಮಾಣವಲ್ಲ. ವೈದ್ಯಕೀಯ ಚಿಕಿತ್ಸೆ ನೀಡುವ ಖಾಸಗಿ ಸಂಸ್ಥೆಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ನೋಂದಣಿ ಹೊಂದಿರಬೇಕು. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರಲ್ಲಿ ನೀಡಲಾದ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯು ನೆನಪು ಮತ್ತು ದಿಕ್ಕು-ಕಾಲಗಳ ಅರಿವಿನ ತೀವ್ರ ದೋಷಗಳನ್ನೂ ಒಳಗೊಂಡಿದ್ದು, ಅಂತಹವರನ್ನು ಇರಿಸಿಕೊಂಡು ಆರೈಕೆ ಮಾಡುವ ಸಂಸ್ಥೆಗಳಿಗೆ ಆ ಅಧಿನಿಯಮದಡಿ ನೋಂದಣಿಯ ಉಪಬಂಧವಿದೆ. ನೋಂದಣಿ ಪ್ರಮಾಣಪತ್ರವನ್ನು ತೋರಿಸುವಂತೆ ಕೇಳಲು ಸಂಕೋಚಪಡಬೇಕಾಗಿಲ್ಲ.

5. ಭೇಟಿಯ ಸಂದರ್ಭದಲ್ಲಿ ಗಮನಿಸಬೇಕಾದ ಅಂಶಗಳು

ಕನಿಷ್ಠ ಎರಡು ಬಾರಿ ಭೇಟಿ ನೀಡತಕ್ಕದ್ದು: ಒಮ್ಮೆ ಮಧ್ಯಾಹ್ನದ ಊಟದ ವೇಳೆ, ಇನ್ನೊಮ್ಮೆ ಮುಸ್ಸಂಜೆಯ ನಂತರ. ಮರೆಗುಳಿ ಕಾಯಿಲೆಯುಳ್ಳ ಅನೇಕರಲ್ಲಿ ಸಂಜೆಯಾಗುತ್ತಿದ್ದಂತೆ ಚಡಪಡಿಕೆ ಹೆಚ್ಚಿ, "ಮನೆಗೆ ಹೋಗಬೇಕು" ಎಂದು ಹೊರಡುವ ಪ್ರವೃತ್ತಿ ಕಂಡುಬರುತ್ತದೆ. ಆ ವೇಳೆಯಲ್ಲಿ ಸಿಬ್ಬಂದಿ ಹೇಗೆ ನಡೆದುಕೊಳ್ಳುತ್ತಾರೆ ಎಂಬುದರಿಂದ ಕೇಂದ್ರದ ನಿಜಸ್ಥಿತಿ ತಿಳಿಯುತ್ತದೆ.

(1) ರಾತ್ರಿಯ ಸಿಬ್ಬಂದಿ: ರಾತ್ರಿ ಎಷ್ಟು ನಿವಾಸಿಗಳಿಗೆ ಎಷ್ಟು ಜನ ಸಿಬ್ಬಂದಿ ಎಚ್ಚರವಾಗಿರುತ್ತಾರೆ ಎಂಬುದನ್ನು ಕೇಳಬೇಕು. ಹಗಲಿನ ಲೆಕ್ಕವನ್ನೇ ಹೇಳಿದಲ್ಲಿ ಪುನಃ ಪ್ರಶ್ನಿಸಬೇಕು.

(2) ಭಾಷೆ: ಕಾಯಿಲೆ ಮುಂದುವರಿದಂತೆ ನಂತರ ಕಲಿತ ಭಾಷೆಗಳು ಮೊದಲು ಮಾಸಿ, ಬಾಲ್ಯದ ಮನೆಮಾತು ಹೆಚ್ಚು ಕಾಲ ಉಳಿಯುವುದುಂಟು. ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪುರದ ಕನ್ನಡವನ್ನಾಡುತ್ತಾ ಬೆಳೆದವರು ನೀರು ಬೇಕೆಂದು, ಹೊಟ್ಟೆ ನೋಯುತ್ತಿದೆಯೆಂದು ಆ ಭಾಷೆಯಲ್ಲಿಯೇ ಹೇಳುತ್ತಾರೆ. ಪ್ರತಿ ಪಾಳಿಯಲ್ಲಿ ಆ ಮಾತನ್ನು ಅರಿಯುವ ಒಬ್ಬರಾದರೂ ಇರಬೇಕು.

(3) ಅಲೆದಾಟ ಮತ್ತು ಸುರಕ್ಷತೆ: ಈ ಜಿಲ್ಲೆಯ ಮನೆ-ತೋಟಗಳಲ್ಲಿ ತೆರೆದ ಬಾವಿಗಳು ಹೆಚ್ಚು. ಕಾಪು ಭಾಗದಲ್ಲಿ ಸಮುದ್ರ ತೀರ ಹಾಗೂ ರಾಷ್ಟ್ರೀಯ ಹೆದ್ದಾರಿ 66 ಸಮೀಪದಲ್ಲಿವೆ. ಬಾವಿಗೆ ಎತ್ತರದ ಕಟ್ಟೆ ಹಾಗೂ ಜಾಲರಿ, ಆವರಣ ಗೋಡೆ, ಕಾವಲಿರುವ ಗೇಟು ಇವೆಯೇ ಎಂದು ನೋಡಬೇಕು. ಅದರೊಂದಿಗೆ ನಿವಾಸಿಗಳು ಬಯಲಿನಲ್ಲಿ ನಡೆದಾಡಲು ಸುರಕ್ಷಿತ ಅಂಗಳವೂ ಇರಬೇಕು. ಸದಾ ಬೀಗ ಹಾಕಿದ ಕೋಣೆಯು ಸುರಕ್ಷತೆಯಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟುವ ಅಂಗಳ ಮತ್ತು ಜಾರುವ ಬಚ್ಚಲುಮನೆಯಿಂದ ಸೊಂಟದ ಮೂಳೆ ಮುರಿಯುವ ಅಪಾಯವಿರುವುದರಿಂದ ಸಾಧ್ಯವಾದಲ್ಲಿ ಮಳೆಯ ದಿನವೇ ನೋಡುವುದು ಒಳ್ಳೆಯದು.

(4) ಕಟ್ಟಿಹಾಕುವುದು: 2017ರ ಅಧಿನಿಯಮದಂತೆ ನೋಂದಾಯಿತ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಯಾವುದೇ ವ್ಯಕ್ತಿಯನ್ನು ಸರಪಳಿಯಿಂದ ಬಂಧಿಸುವುದು ಹಾಗೂ ಏಕಾಂತದಲ್ಲಿ ಕೂಡಿಹಾಕುವುದು ನಿಷಿದ್ಧ. ಒಡನೆಯೇ ಸಂಭವಿಸಬಹುದಾದ ಅಪಾಯವನ್ನು ತಡೆಯಲು ಬೇರೆ ದಾರಿಯಿಲ್ಲದಾಗ, ಮನೋವೈದ್ಯರ ಅನುಮತಿಯಿಂದ, ಅಗತ್ಯವಿರುವಷ್ಟು ಹೊತ್ತು ಮಾತ್ರ ದೈಹಿಕ ನಿರ್ಬಂಧಕ್ಕೆ ಅವಕಾಶವಿದೆ. ಸಿಬ್ಬಂದಿ ಕೊರತೆಯ ಕಾರಣಕ್ಕೆ ಅಥವಾ ಶಿಕ್ಷೆಯಾಗಿ ಹೀಗೆ ಮಾಡುವಂತಿಲ್ಲ. ಯಾವುದೇ ಬಗೆಯ ಕೇಂದ್ರವಾದರೂ ಈ ಬಗ್ಗೆ ಅದರ ಪದ್ಧತಿಯನ್ನು ನೇರವಾಗಿ ಕೇಳತಕ್ಕದ್ದು.

(5) ಔಷಧಿ: ಚಡಪಡಿಕೆ ತಗ್ಗಿಸಲು ಕೊಡುವ ಕೆಲವು ಮನೋರೋಗ ಔಷಧಿಗಳು ಮರೆಗುಳಿ ಕಾಯಿಲೆಯ ಹಿರಿಯರಲ್ಲಿ ಪಾರ್ಶ್ವವಾಯು ಮತ್ತು ಮರಣದ ಅಪಾಯವನ್ನು ಹೆಚ್ಚಿಸುತ್ತವೆ. ಔಷಧಿ ಬದಲಾವಣೆಯನ್ನು ವೈದ್ಯರ ಚೀಟಿಯಿಲ್ಲದೆ ಮಾಡಬಾರದು. ಬದಲಾವಣೆಯನ್ನು ಕುಟುಂಬಕ್ಕೆ ತಿಳಿಸಬೇಕು. ಹಗಲಿನಲ್ಲಿಯೂ ನಿವಾಸಿಗಳೆಲ್ಲರೂ ಮಂಪರಿನಲ್ಲಿರುವುದು ಕಂಡುಬಂದಲ್ಲಿ ಕಾರಣ ವಿಚಾರಿಸಬೇಕು.

(6) ಊಟ: ಕುಚ್ಚಲಕ್ಕಿ ಗಂಜಿಗೆ ಒಗ್ಗಿದವರು ಅಪರಿಚಿತ ಆಹಾರವನ್ನು ನಿರಾಕರಿಸಿ ಸೊರಗುವುದುಂಟು. ಕೈಯಿಂದ ಉಣಿಸಬೇಕಾದವರಿಗೆ ಎಷ್ಟು ಸಮಯ ನೀಡಲಾಗುತ್ತದೆ, ತೂಕವನ್ನು ಪ್ರತಿ ತಿಂಗಳು ದಾಖಲಿಸಲಾಗುತ್ತದೆಯೇ ಎಂಬುದನ್ನು ತಿಳಿಯಬೇಕು.

(7) ದೂರ: ವೈಭವದ ಕಟ್ಟಡಕ್ಕಿಂತ ವಾರಕ್ಕೊಮ್ಮೆಯಾದರೂ ಯಾರಾದರೂ ಹೋಗಿಬರಲು ಸಾಧ್ಯವಿರುವ ಕೇಂದ್ರ ಮೇಲು. ಕಾರ್ಕಳದ ಕುಟುಂಬವೊಂದು ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಅದೇ ದಿನ ಹಿಂತಿರುಗಬಹುದು. ಬೆಂಗಳೂರಿನ ಕೇಂದ್ರಕ್ಕೆ ಅದು ಸಾಧ್ಯವಾಗದು.

6. ಶುಲ್ಕ ಮತ್ತು ಒಪ್ಪಂದ

ಮಾಸಿಕ ಶುಲ್ಕದಲ್ಲಿ ಸೇರಿರುವ ಹಾಗೂ ಸೇರದಿರುವ ವೆಚ್ಚಗಳ ಪಟ್ಟಿಯನ್ನು ಲಿಖಿತವಾಗಿ ಪಡೆಯಬೇಕು. ಡೈಪರ್, ಔಷಧಿ, ಆಸ್ಪತ್ರೆ ಭೇಟಿ ಹಾಗೂ ಪ್ರತ್ಯೇಕ ಸಹಾಯಕರ ವೆಚ್ಚಗಳು ಅನೇಕ ವೇಳೆ ಬೇರೆಯಾಗಿರುತ್ತವೆ. ಠೇವಣಿಯನ್ನು ಹಿಂತಿರುಗಿಸುವ ಷರತ್ತು, ಕೇಂದ್ರದಿಂದ ಬಿಡುಗಡೆ ಮಾಡುವ ಮುನ್ನ ನೀಡುವ ನೋಟೀಸಿನ ಅವಧಿ, ತುರ್ತು ಸಂದರ್ಭದಲ್ಲಿ ಸೇರಿಸುವ ಆಸ್ಪತ್ರೆ ಇವು ಒಪ್ಪಂದದಲ್ಲಿರಬೇಕು. ಆಸ್ತಿ ಅಥವಾ ಚಿನ್ನಾಭರಣವನ್ನು ಶುಲ್ಕದ ಬದಲಿಗೆ ಬರೆದುಕೊಡಬಾರದು.

7. ಸಾಮಾನ್ಯವಾಗಿ ಬೇಕಾಗುವ ದಾಖಲೆಗಳು

- ಹಿರಿಯರ ಆಧಾರ್ ಚೀಟಿ ಹಾಗೂ ಭಾವಚಿತ್ರಗಳು
- ರೋಗನಿರ್ಣಯ ಪತ್ರ, ಔಷಧಿ ಚೀಟಿ ಹಾಗೂ ಇತ್ತೀಚಿನ ತಪಾಸಣಾ ವರದಿಗಳು
- ಆರೋಗ್ಯ ವಿಮೆ ಅಥವಾ ಆಯುಷ್ಮಾನ್ ಕಾರ್ಡ್ ಇದ್ದಲ್ಲಿ ಅದರ ಪ್ರತಿ
- ಹೊಣೆ ವಹಿಸುವ ಇಬ್ಬರು ಸಂಬಂಧಿಕರ ಗುರುತಿನ ಚೀಟಿ ಹಾಗೂ ದೂರವಾಣಿ ಸಂಖ್ಯೆ
- ಹಿರಿಯರ ಬದುಕಿನ ಬಗ್ಗೆ ಒಂದು ಪುಟದ ಟಿಪ್ಪಣಿ: ಅವರನ್ನು ಕರೆಯಬೇಕಾದ ಹೆಸರು, ಮಾಡುತ್ತಿದ್ದ ಉದ್ಯೋಗ, ಇಷ್ಟದ ಹಾಡು-ಭಜನೆ, ಭಯಪಡುವ ವಿಷಯಗಳು

8. ಹಣಕಾಸು ಹಾಗೂ ಕಾನೂನು ವಿಷಯಗಳು

ಹಿರಿಯರಿಗೆ ಇನ್ನೂ ತಿಳಿವಳಿಕೆ ಇರುವಾಗಲೇ ಬ್ಯಾಂಕ್ ಖಾತೆಯನ್ನು ಜಂಟಿಯಾಗಿಸುವುದು, ನಾಮನಿರ್ದೇಶನ ಹಾಗೂ ಉಯಿಲಿನ ಬಗ್ಗೆ ಅವರ ಇಚ್ಛೆಯನ್ನು ದಾಖಲಿಸುವುದು ಸೂಕ್ತ. ಅಧಿಕಾರಪತ್ರ ಬರೆಸಿಕೊಂಡರೆ ಸಾಕೆಂಬ ಭಾವನೆ ಸರಿಯಲ್ಲ. ಭಾರತೀಯ ಕರಾರು ಅಧಿನಿಯಮ, 1872ರ 201ನೇ ಪ್ರಕರಣದಂತೆ, ಅದನ್ನು ನೀಡಿದವರು ಬುದ್ಧಿಸ್ವಾಸ್ಥ್ಯ ಕಳೆದುಕೊಂಡಾಗ ಅಧಿಕಾರಪತ್ರದ ಅಧಿಕಾರ ಕೊನೆಗೊಳ್ಳುತ್ತದೆ. 2017ರ ಅಧಿನಿಯಮದಂತೆ ಚಿಕಿತ್ಸೆಯ ಕುರಿತು ಮುಂಗಡ ನಿರ್ದೇಶನ ನೀಡಲು ಹಾಗೂ ನಾಮನಿರ್ದೇಶಿತ ಪ್ರತಿನಿಧಿಯನ್ನು ನೇಮಿಸಲು ಅವಕಾಶವಿದೆ.

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ, 2007ರಂತೆ ಜೀವನಾಂಶವು ಆಹಾರ, ಬಟ್ಟೆ, ವಸತಿ ಹಾಗೂ ವೈದ್ಯಕೀಯ ಚಿಕಿತ್ಸೆಯನ್ನು ಒಳಗೊಂಡಿರುತ್ತದೆ. ಮಕ್ಕಳಿಲ್ಲದ ಹಿರಿಯರ ವಿಷಯದಲ್ಲಿ, ಅವರ ಆಸ್ತಿಯನ್ನು ಹೊಂದಿರುವ ಅಥವಾ ಉತ್ತರಾಧಿಕಾರದಿಂದ ಪಡೆಯಲಿರುವ ವಯಸ್ಕ ಸಂಬಂಧಿಕರೂ ಹೊಣೆಗಾರರು. ಆದುದರಿಂದ ಸೋದರಮಾವ ಅಥವಾ ದೊಡ್ಡಮ್ಮನ ಆಸ್ತಿಗೆ ಹಕ್ಕುದಾರರಾಗುವ ಅಳಿಯ, ಸೊಸೆಯಂದಿರಿಗೂ ಇದು ಅನ್ವಯಿಸಬಹುದು. ಹಿರಿಯರು ಸ್ವತಃ ಅರ್ಜಿ ಸಲ್ಲಿಸಲು ಅಶಕ್ತರಾಗಿದ್ದಲ್ಲಿ ಅವರಿಂದ ಅಧಿಕೃತರಾದ ವ್ಯಕ್ತಿ ಅಥವಾ ಸಂಸ್ಥೆ ಸಲ್ಲಿಸಬಹುದು. ಉಡುಪಿ ಜಿಲ್ಲೆಯವರು ಈ ಬಗ್ಗೆ ಕುಂದಾಪುರ ಉಪವಿಭಾಗದ ಸಹಾಯಕ ಆಯುಕ್ತರ ಕಛೇರಿಯಲ್ಲಿ ವಿಚಾರಿಸತಕ್ಕದ್ದು. ಹೊಣೆ ಹೊತ್ತವರು ಹಿರಿಯರನ್ನು ಪೂರ್ಣವಾಗಿ ತೊರೆಯುವ ಉದ್ದೇಶದಿಂದ ಎಲ್ಲಿಯಾದರೂ ಬಿಟ್ಟುಹೋದಲ್ಲಿ 24ನೇ ಪ್ರಕರಣದಂತೆ 3 ತಿಂಗಳವರೆಗಿನ ಕಾರಾಗೃಹವಾಸ, ಅಥವಾ ರೂ. 5,000ದವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ.

9. ಸೇರ್ಪಡೆಯ ನಂತರ

ಮೊದಲ ಕೆಲವು ವಾರಗಳಲ್ಲಿ ಅಳು, ನಿದ್ರಾಹೀನತೆ, ಊಟ ಬಿಡುವುದು ಕಂಡುಬರಬಹುದು. ಮನೆಯ ಹೊದಿಕೆ, ದೇವರ ಪಟ, ಹಳೆಯ ಭಾವಚಿತ್ರಗಳನ್ನು ಜೊತೆಯಲ್ಲಿ ಕಳುಹಿಸುವುದು ಸಹಾಯಕ. ಕುಟುಂಬದವರು ನಿಗದಿತ ಸಮಯದಲ್ಲಿ ಮಾತ್ರವಲ್ಲದೆ ಮುನ್ಸೂಚನೆಯಿಲ್ಲದೆಯೂ ಭೇಟಿ ನೀಡಬೇಕು. ಬೆನ್ನು ಹಾಗೂ ಹಿಮ್ಮಡಿಯಲ್ಲಿ ಒತ್ತಡದ ಹುಣ್ಣುಗಳು, ಮೈಮೇಲೆ ಕಂದಿದ ಗುರುತುಗಳು, ತೂಕ ಇಳಿಕೆ, ಹೊಸ ಅಂಜಿಕೆ ಇವುಗಳನ್ನು ಗಮನಿಸಿ ದಿನಾಂಕ ಸಹಿತ ಬರೆದಿಡಬೇಕು. ಹಿರಿಯರು ಹೆಸರು ಮರೆತಿದ್ದರೂ ಪರಿಚಿತ ಧ್ವನಿ ಮತ್ತು ಸ್ಪರ್ಶದಿಂದ ಸಮಾಧಾನ ಹೊಂದುವುದುಂಟು. ಆದುದರಿಂದ "ಗುರುತೇ ಸಿಗುವುದಿಲ್ಲ" ಎಂಬ ಕಾರಣಕ್ಕೆ ಭೇಟಿಯನ್ನು ನಿಲ್ಲಿಸಬಾರದು.

10. ಮಾಹಿತಿ ಮತ್ತು ದೂರಿಗಾಗಿ

- ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ: 14567
- ಟೆಲಿ-ಮನಸ್ ಮಾನಸಿಕ ಆರೋಗ್ಯ ಸಹಾಯವಾಣಿ: 14416
- ಉಚಿತ ಕಾನೂನು ನೆರವು: 15100
- ಹಿರಿಯರು ಕಾಣೆಯಾದಲ್ಲಿ ತಡಮಾಡದೆ: 112
- ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಛೇರಿ, ರಜತಾದ್ರಿ, ಮಣಿಪಾಲ

ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಪರಿಶೀಲಿಸಿ, ಅವಸರದ ನಿರ್ಧಾರಕ್ಕೆ ಅವಕಾಶ ನೀಡದೆ, ಹಿರಿಯರ ಘನತೆಗೆ ಕುಂದು ಬಾರದಂತೆ ಆಯ್ಕೆ ಮಾಡಿಕೊಳ್ಳಬೇಕಾಗಿ ಕೋರಲಾಗಿದೆ.